ಬ್ರಿಟನ್ನಿನ ತಕ್ಕಡಿಯಲ್ಲಿ ಆಸ್ಟ್ರೇಲಿಯಾ

ಎರಡು ಕಾಯಗಳ ರಾಶಿ ಹೆಚ್ಚಿದಂತೆ ಅವುಗಳ ನಡುವಣ ಆಕರ್ಷಣೆ ಹೆಚ್ಚುತ್ತದೆ. ದೂರ ಹೆಚ್ಚಿದಂತೆ ಕುಗ್ಗುತ್ತದೆ. ನ್ಯೂಟನ್ನನ ಈ ನಿಯಮ ಹೈಸ್ಕೂಲು ಮಕ್ಕಳಿಗೆಲ್ಲ ಬಾಯಿಪಾಠ. ದೇಶಗಳ ನಡುವಿನ ವ್ಯಾಪಾರವೂ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆಂದು 1962ರಲ್ಲಿ ತೋರಿಸಿದವರು ಹಾಲೆಂಡಿನ ಯಾನ್ ಟಿನ್‌ಬರ್ಗೆನ್. ಮೂಲತಃ ಭೌತಶಾಸ್ತ್ರ ಓದಿದ್ದ ಅವರು 1969ರಲ್ಲಿ ಅರ್ಥಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಒಂದು ವ್ಯತ್ಯಾಸವುಂಟು. ಇಲ್ಲಿ ದೂರದ ವರ್ಗ ಬರುವುದಿಲ್ಲ. ದೂರ ಇಮ್ಮಡಿಯಾದರೆ ವಹಿವಾಟು ಸುಮಾರು ಅರ್ಧಕ್ಕಿಳಿಯುತ್ತದೆ, ಅಷ್ಟೆ.

ಈ ನಿಯಮದ ಬಿಸಿ ಬ್ರಿಟನ್ನಿಗೆ ಚೆನ್ನಾಗಿಯೇ ತಟ್ಟಿದೆ. 2016ರ ಜನಮತಗಣನೆಯಲ್ಲಿ ಶೇಕಡ 51.9 ಮತದಾರರು ಐರೋಪ್ಯ ಒಕ್ಕೂಟ ಬೇಡವೆಂದರು. 2020ರ ಜನವರಿ 31ರಂದು ದೇಶ ಹೊರಬಂತು. ಒಳಗಿದ್ದಾಗ ಬೇರೆ ದೇಶಗಳೊಡನೆ ತಾನೊಬ್ಬನೇ ಸುಂಕದ ಒಪ್ಪಂದ ಮಾಡಿಕೊಳ್ಳುವಂತಿರಲಿಲ್ಲ. ಆ ಸ್ವಾತಂತ್ರ್ಯ ಸಿಕ್ಕಮೇಲೆ ಹೊಸದಾಗಿ ಕುದುರಿಸಿದ ಮೊದಲ ಒಪ್ಪಂದ ಆಸ್ಟ್ರೇಲಿಯಾದೊಡನೆ. 2021ರ ಡಿಸೆಂಬರಿನಲ್ಲಿ ಸಹಿ ಬಿತ್ತು. 2023ರ ಮೇ 31ರಂದು ಜಾರಿಗೆ ಬಂತು.

ಅದರ ತೂಕವೆಷ್ಟು? 2035ರ ವೇಳೆಗೆ ರಾಷ್ಟ್ರದ ಉತ್ಪನ್ನ ಶೇಕಡ 0.08ರಷ್ಟು ಹೆಚ್ಚೀತು ಎಂದು ಬ್ರಿಟಿಷ್ ಸರ್ಕಾರವೇ ಅಂದಾಜು ಮಾಡಿತು. ಅಂದರೆ ಸಾವಿರ ರೂಪಾಯಿಗೆ ಎಂಬತ್ತು ಪೈಸೆ! ಇನ್ನೊಂದು ತಟ್ಟೆಯಲ್ಲಿರುವುದು ಆ ದೇಶದ ಆಯವ್ಯಯವನ್ನು ಪರಿಶೀಲಿಸುವ ಸ್ವತಂತ್ರ ಕಚೇರಿಯ ಅಂದಾಜು: ಒಕ್ಕೂಟ ಬಿಟ್ಟದ್ದರಿಂದ ದೀರ್ಘಾವಧಿಯಲ್ಲಿ ಉತ್ಪಾದಕತೆಗೆ ಶೇಕಡ 4ರಷ್ಟು ನಷ್ಟ. ಈ ಎರಡನ್ನೂ ನೇರವಾಗಿ ಕೂಡಿ ಕಳೆಯುವಂತಿಲ್ಲ, ನಿಜ. ಆದರೆ ಯಾವ ತಟ್ಟೆ ಕೆಳಗಿಳಿಯುತ್ತದೆಂದು ತಿಳಿಯಲು ಇಷ್ಟು ಸಾಕು.

ಲಾಭ ಸಣ್ಣದಾದರೂ ನೋವು ಸಣ್ಣದಾಗಬೇಕೆಂದಿಲ್ಲ. ವೇಲ್ಸ್, ಸ್ಕಾಟ್ಲೆಂಡ್‌ಗಳ ಗುಡ್ಡಗಳಲ್ಲಿ ಕುರಿ ಸಾಕಿ ಬದುಕುವ ಸಂಸಾರಗಳನ್ನು ನೆನೆಯಬೇಕು. ಅಲ್ಲಿ ಕುರಿ ಬಿಟ್ಟರೆ ಮತ್ತೊಂದು ಕಸುಬು ಸುಲಭವಲ್ಲ. ಆಸ್ಟ್ರೇಲಿಯಾದ ವಿಶಾಲ ಹುಲ್ಲುಗಾವಲಿನ ಕುರಿಮಾಂಸ ಮೊದಲ ವರ್ಷ 25,000 ಟನ್, ಹತ್ತನೆಯ ವರ್ಷಕ್ಕೆ 75,000 ಟನ್ನಿನವರೆಗೆ ಸುಂಕವಿಲ್ಲದೆ ಬರಬಹುದು. ಅಷ್ಟೂ ಬಂದೇ ಬರುತ್ತದೆಂದಲ್ಲ, ಬಾಗಿಲಂತೂ ತೆರೆಯಿತು. ಕೊಟ್ಟದ್ದು ಹೆಚ್ಚು, ಪಡೆದದ್ದು ಕಡಿಮೆ ಎಂದು 2022ರ ನವೆಂಬರಿನಲ್ಲಿ ಪಾರ್ಲಿಮೆಂಟಿನಲ್ಲೇ ಹೇಳಿದವರು ಯಾರು? ಒಪ್ಪಂದದ ಕಾಲದಲ್ಲಿ ಕೃಷಿ ಖಾತೆ ಹೊತ್ತಿದ್ದ ಮಂತ್ರಿ ಜಾರ್ಜ್ ಯೂಸ್ಟಿಸ್! ಅವರು ಹೇಳಿದ್ದು ಮಂತ್ರಿಗಿರಿ ಹೋದಮೇಲೆ, ಅದು ಬೇರೆ ಮಾತು.

ಪಡೆದದ್ದು ಏನೂ ಇಲ್ಲವೆಂದರೆ ತಪ್ಪಾದೀತು. 35 ವರ್ಷದವರೆಗಿನ ಬ್ರಿಟಿಷ್ ಯುವಕ ಯುವತಿಯರು ಆಸ್ಟ್ರೇಲಿಯಾದಲ್ಲಿ ಮೂರು ವರ್ಷದವರೆಗೆ ಇದ್ದು ದುಡಿಯಬಹುದು. ಓದು ಮುಗಿಸಿದವರಿಗೆ ಇದು ಎಂಬತ್ತು ಪೈಸೆಯ ಲೆಕ್ಕಕ್ಕೆ ಸಿಗದ ಸಂಗತಿ.

ಆದರೆ ಲಂಡನ್ನಿನಿಂದ ಸಿಡ್ನಿ ಸುಮಾರು 17,000 ಕಿಲೋಮೀಟರು. ಡೋವರಿನಿಂದ ಫ್ರಾನ್ಸಿನ ಕ್ಯಾಲೆ ಬರೀ 42ರಷ್ಟು. ಆ 42 ಕಿಲೋಮೀಟರಿಗೆ ಇಂದಿಗೂ ಸುಂಕವಿಲ್ಲ. 2021ರಿಂದ ಕಾಗದಪತ್ರಗಳಿವೆ, ಮಾಂಸದ ಲಾರಿಗೆ ಪಶುವೈದ್ಯರ ಸರ್ಟಿಫಿಕೇಟು ಬೇಕು. ಈ ತಪಾಸಣೆಗಳನ್ನು ತಗ್ಗಿಸುವ ಒಪ್ಪಂದವೊಂದಕ್ಕಾಗಿ ಮಾತುಕತೆ ನಡೆಸಲು 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಒಕ್ಕೂಟ ಲಂಡನ್ನಿನಲ್ಲಿ ಸೇರಿ ಒಪ್ಪಿಕೊಂಡವು.