ತುಕ್ಕಿನ ಕೆಳಗಿದ್ದ ಇಸವಿ

ಸುರಪುರದ ಸೀಮೆಯಲ್ಲಿ ಹಳೆಯ ಮನೆಯೊಂದನ್ನು ಬಿಚ್ಚಿದರೆ ಮಣ್ಣಿನೊಡನೆ ಒಂದಿಷ್ಟು ಇತಿಹಾಸವೂ ಕೆಳಗೆ ಬೀಳುವುದುಂಟು. ಕಳೆದ ಬೇಸಗೆಯಲ್ಲಿ ನನ್ನ ಪರಿಚಯದ ವೃದ್ಧರೊಬ್ಬರ ಮನೆಯ ಮಾಳಿಗೆ ತೆಗೆಯುವಾಗ, ತೊಲೆಯ ಸಂದಿನಿಂದ ಅರಿವೆಯ ಗಂಟೊಂದು ಬಿದ್ದಿತು. ಬಿಚ್ಚಿ ನೋಡಿದರೆ ಒಳಗೆ ಒಂದು ಪಿಸ್ತೂಲು. ಅಥವಾ ಒಂದಾನೊಂದು ಕಾಲಕ್ಕೆ ಪಿಸ್ತೂಲಾಗಿದ್ದ ತುಕ್ಕಿನ ಮುದ್ದೆ.

ಹಳೆಯ ಬೀಗ, ದೀಪ, ಅಡಕತ್ತರಿಗಳ ಕಿಲುಬು ತೆಗೆಯುವುದು ನನ್ನ ಬಿಡುವಿನ ಹವ್ಯಾಸ. ಕನ್ನಡ ಎಂ.ಎ.ಗೂ ಇದಕ್ಕೂ ಏನು ಸಂಬಂಧವೆಂದು ಶಹಾಪುರದ ಮಿತ್ರರು ನಗುತ್ತಾರೆ. ಆದರೆ ವೃದ್ಧರು ನಗಲಿಲ್ಲ.

“ನಮ್ಮ ಮುತ್ಯಾನ ಮುತ್ಯಾ ರಾಜಾ ವೆಂಕಟಪ್ಪ ನಾಯಕರ ಸಂಗಾಟ ನಿಂತು ಹಾರಿಸಿದ್ದು ನೋಡ್ರಿ ಸರ, ಇದು. ತುಕ್ಕು ತೆಗೆದು ಕೊಡ್ರಿ. ಮೊಮ್ಮಗಳ ಲಗ್ನದಾಗ ಪಡಸಾಲ್ಯಾಗ ಇಡಬೇಕು,” ಎಂದರು.

ಈ ಊರಿನಲ್ಲಿ ಇಂಥ ಮಾತನ್ನು ಹಗುರವಾಗಿ ಕೇಳುವಂತಿಲ್ಲ. 1705ರಲ್ಲಿ ಔರಂಗಜೇಬನೇ ಖುದ್ದಾಗಿ ಬಂದು ವಾಗಿನಗೇರಿಯ ಕೋಟೆಗೆ ಮುತ್ತಿಗೆ ಹಾಕಬೇಕಾಯಿತು. ನಾಯಕರ ಬೇಡರ ಪಡೆ ಅಷ್ಟು ಗಟ್ಟಿ. 1858ರ ಫೆಬ್ರವರಿಯಲ್ಲಿ ಅದೇ ವಂಶದ ತರುಣ ದೊರೆ ವೆಂಕಟಪ್ಪ ನಾಯಕನ ಪಡೆ ಆಂಗ್ಲರೊಡನೆ ಕಾದಿತು. ಕ್ಯಾಪ್ಟನ್ ನ್ಯೂಬೆರಿ ಇಲ್ಲಿಯೇ ಮಡಿದನು. ಹೈದರಾಬಾದಿಗೆ ಹೋದ ರಾಜ ಅಲ್ಲಿ ಸೆರೆಸಿಕ್ಕ. ಅವನನ್ನು ಬಾಲ್ಯದಿಂದ ಬಲ್ಲವನೂ, ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಬಂಗಲೆಯನ್ನು ಬಿಟ್ಟುಹೋದವನೂ ಆದ ಮೆಡೋಸ್ ಟೇಲರ್, ಮುಂದಿನ ಕಥೆಯನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಚೆಂಗಲ್ಪಟ್ಟಿನ ಸೆರೆಗೆ ಒಯ್ಯುತ್ತಿದ್ದಾಗ, ದಾರಿಯ ಬಿಡಾರದಲ್ಲಿ ಕಾವಲಿನ ಅಧಿಕಾರಿ ಕುರ್ಚಿಗೆ ತೂಗುಹಾಕಿದ್ದ ರಿವಾಲ್ವರಿನಿಂದ ರಾಜ ಅಸುನೀಗಿದನೆಂದು ಅವನ ಹೇಳಿಕೆ. ತಾನೇ ಹಾರಿಸಿಕೊಂಡನೆಂಬ ಈ ಮಾತನ್ನು ಒಪ್ಪದವರು ಸುರಪುರದಲ್ಲಿ ಇಂದಿಗೂ ಇದ್ದಾರೆ. ಪಿಸ್ತೂಲಿನ ಸುದ್ದಿ ಹಬ್ಬಿದ ಎರಡೇ ದಿನಕ್ಕೆ, “ರಾಜಾ ಸತ್ತ ಪಿಸ್ತೂಲು ಇದೇ ಅಂತಲ್ಲ?” ಎಂದು ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದವರುಂಟು. ಅದು ರಿವಾಲ್ವರು, ಇದು ಒಂದೇ ಗುಂಡಿನ ಪಿಸ್ತೂಲು ಎಂದು ಎಷ್ಟು ಜನಕ್ಕೆ ಹೇಳಲಿ!

ನಾವು ಮೊದಲು ಹೋದದ್ದು ಪೊಲೀಸು ಠಾಣೆಗೆ. 1959ರ ಆಯುಧ ಕಾನೂನಿನಲ್ಲಿ ಹಳೆಯ ಆಯುಧಗಳಿಗೆ ರಿಯಾಯಿತಿಯುಂಟು. ಆದರೆ ಅದು ದುರಸ್ತಿ ಮಾಡಿದರೂ ಹಾರದಂಥವಕ್ಕೆ ಮಾತ್ರ. ಹಾರುವಂತೆ ರಿಪೇರಿ ಮಾಡುವುದು ಪರವಾನಗಿಯಿಲ್ಲದವರ ಕೆಲಸವಲ್ಲ. ಆದುದರಿಂದ ವಾಚಕರಲ್ಲಿ ಯಾರಾದರೂ ಅಟ್ಟದ ಮೇಲಿನ ಪಿಸ್ತೂಲನ್ನು ‘ಸರಿ’ ಮಾಡಹೊರಟರೆ, ದಯವಿಟ್ಟು ಅಲ್ಲಿಗೇ ನಿಲ್ಲಿ. ನಮ್ಮದರ ನಳಿಗೆಯ ಬುಡವನ್ನು ತುಕ್ಕು ತಿಂದು ಆರಪಾರ ತೂತು ಮಾಡಿತ್ತು. ಬೀಗದ ಸ್ಪ್ರಿಂಗು ಮುರಿದಿತ್ತು. ಪರೀಕ್ಷಿಸಿದವರು ಇದು ಎಂದಿಗೂ ಹಾರದೆಂದು ಬರೆದುಕೊಟ್ಟರು.

ಅದಕ್ಕೆ ಮುಂಚೆ ಒಂದು ಗಾಬರಿಯೂ ಆಯಿತು. ಬಾಯಿಂದ ಮದ್ದು ತುಂಬುವ ಹಳೆಯ ಆಯುಧಗಳಲ್ಲಿ ಎಷ್ಟೋ ಸಲ ನೂರು ವರ್ಷದ ಹಿಂದಿನ ಮದ್ದುಗುಂಡು ಹಾಗೆಯೇ ಉಳಿದಿರುತ್ತದೆ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಆ ಮಿಶ್ರಣ ಒಣಗಿದ್ದರೆ ಇಂದಿಗೂ ಹೊತ್ತಿಕೊಂಡೀತು. ನಳಿಗೆಯೊಳಗೆ ಕಡ್ಡಿ ಇಳಿಸಿ, ಅದೇ ಅಳತೆಯನ್ನು ಹೊರಗೆ ಇಟ್ಟು ನೋಡಿದರೆ ಒಳಗೇನಾದರೂ ಇದೆಯೋ ಇಲ್ಲವೋ ತಿಳಿಯುತ್ತದೆ. ಕಡ್ಡಿ ಎರಡು ಬೆರಳು ಮೊದಲೇ ನಿಂತಿತು! ಎಲ್ಲರೂ ಹಿಂದೆ ಸರಿದರು. ಬಾಯಿಯನ್ನು ಗೋಡೆಯ ಕಡೆ ತಿರುಗಿಸಿ, ನೀರು ತುಂಬಿ, ಮರುದಿನ ಮೆಲ್ಲನೆ ಕೆದಕಿದಾಗ ಹೊರಬಂದದ್ದು ಕುಂಬಾರ ಹುಳುವಿನ ಮಣ್ಣಿನ ಗೂಡು.

ಇನ್ನು ತುಕ್ಕಿನ ಮಾತು. ಗ್ರೈಂಡರಿಗೆ ಹಿಡಿದರೆ ಅರ್ಧ ಗಂಟೆಯಲ್ಲಿ ಫಳಫಳನೆ ಹೊಳೆಯುವುದೆಂದು ನೆರೆಯವರೊಬ್ಬರು ಸಲಹೆಯಿತ್ತರು. ಹೊಳೆಯುವುದೇನೋ ನಿಜ. ಆದರೆ ತುಕ್ಕೆಂಬುದು ಹೊರಗಿನಿಂದ ಬಂದು ಅಂಟಿದ ಕೊಳೆಯಲ್ಲ. ಕಬ್ಬಿಣವೇ ಗಾಳಿ ನೀರುಗಳೊಡನೆ ಕೂಡಿ ಮಾರ್ಪಟ್ಟ ರೂಪ. ಮೇಲಿನ ಕೆಂಪು ತುಕ್ಕು ಸಡಿಲ. ಕೆಳಗಿನ ಕಪ್ಪು ಪದರ ಬಿಗಿ. ಕಮ್ಮಾರನ ಮುದ್ರೆ, ಕೊರೆದ ಅಕ್ಷರ, ಆಯುಧದ ಮೂಲ ಆಕಾರ ಇವೆಲ್ಲ ಅನೇಕ ವೇಳೆ ಆ ಕಪ್ಪು ಪದರದಲ್ಲಿಯೇ ಉಳಿದಿರುತ್ತವೆ. ಉಪ್ಪುಕಾಗದವಾಗಲಿ ಗ್ರೈಂಡರಾಗಲಿ ಎರಡಕ್ಕೂ ಭೇದವೆಣಿಸುವುದಿಲ್ಲ.

ಸೀಮೆಎಣ್ಣೆಯಲ್ಲಿ ಹದಿನೈದು ದಿನ ನೆನೆಸಿದ ಮೇಲೆ ಮೊಳೆಗಳು ಸಡಿಲವಾದುವು. ಗೆದ್ದಲು ತಿಂದ ಮರದ ಹಿಡಿಯನ್ನೂ ಹಿತ್ತಾಳೆಯ ಭಾಗಗಳನ್ನೂ ಬೇರೆಯಿಟ್ಟು, ನಳಿಗೆಯನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಮುಳುಗಿಸಿದೆ. ಬ್ಯಾಟರಿಯ ಋಣ ತುದಿ ನಳಿಗೆಗೆ, ಧನ ತುದಿ ಗುಜರಿಯ ಕಬ್ಬಿಣದ ತುಂಡಿಗೆ. ಇದು ಅದಲುಬದಲಾದರೆ ಕರಗುವುದು ನಮ್ಮ ನಳಿಗೆಯೇ. ಏಳುವ ಗುಳ್ಳೆಗಳಲ್ಲಿರುವುದು ಜಲಜನಕವಾದ್ದರಿಂದ ಕಿಟಕಿ ತೆರೆದಿರಬೇಕು, ಬೆಂಕಿ ದೂರವಿರಬೇಕು. ದಿನಕ್ಕಿಷ್ಟು ಎಂಬಂತೆ ಕೆಂಪು ತುಕ್ಕು ಕೆಸರಾಗಿ ಬಿಟ್ಟುಕೊಂಡಿತು. ಆಮೇಲೆ ಅಳಲೆಕಾಯಿಯ ಕಷಾಯ ಬಳಿದೆ. ಅಳಲೆಯ ಒಗರು ಕಬ್ಬಿಣಕ್ಕೆ ತಗುಲಿದರೆ ಗಾಢವಾದ ಕಪ್ಪು ಬಣ್ಣ ಹುಟ್ಟುತ್ತದೆ. ನಮ್ಮ ಹಿರಿಯರು ಮಸಿ ಮಾಡುತ್ತಿದ್ದುದೂ ಇದೇ ಉಪಾಯದಿಂದ. ಕೊನೆಗೆ ಜೇನುಮೇಣ.

ಬೀಗದ ತಗಡನ್ನು ಮಾತ್ರ ನೀರಿಗೆ ಹಾಕದೆ, ಬಿದಿರಿನ ಕಡ್ಡಿಯಿಂದಲೂ ಸೂಜಿಯಿಂದಲೂ ಕೈಯಲ್ಲೇ ಬಿಡಿಸಿದೆ. ಶಾಸನಕ್ಕೆ ಹಿಟ್ಟು ಬಳಿದು ಓದುವಂತೆ ಸೀಮೆಸುಣ್ಣದ ಪುಡಿ ಸವರಿದಾಗ ಮೊದಲು ಒಂದು ಕಿರೀಟ ಕಾಣಿಸಿತು. ಬಳಿಕ ‘ಟವರ್’ ಎಂಬ ಇಂಗ್ಲಿಷ್ ಅಕ್ಷರಗಳು. ಬ್ರಿಟಿಷ್ ಸೈನ್ಯದ ಮಾಲು. ಅದರ ಕೆಳಗೆ ಇಸವಿ: ಒಂದು, ಎಂಟು, ಆಮೇಲೆ ತುಕ್ಕಿನ ಗಂಟು, ಕೊನೆಗೆ ಏಳು.

1857! ವೃದ್ಧರ ಮಾತು ನಿಜವಾಗಬಹುದಾಗಿತ್ತು. ಹತನಾದ ಸವಾರನೊಬ್ಬನ ಕೈಯಿಂದ ಕಿತ್ತುಕೊಂಡದ್ದಿರಬಹುದೆಂದು ಮನಸ್ಸು ಆಗಲೇ ಕಥೆ ಹೆಣೆಯಿತು. ಸುಳ್ಳು ಹೇಳಲಾರೆ, ಎರಡು ದಿನ ನಾನು ಆ ಗಂಟನ್ನು ಮುಟ್ಟಲಿಲ್ಲ. ಹಾಗೆಯೇ ಮೇಣ ಬಳಿದು ಕೊಟ್ಟಿದ್ದರೆ ಯಾರು ಕೇಳುತ್ತಿದ್ದರು? ಮೂರನೆಯ ದಿನ ರಾತ್ರಿ ಭೂತಗನ್ನಡಿ ಹಿಡಿದು ಕುಳಿತೆ. ತುಕ್ಕಿನ ಚೂರು ಎದ್ದು ಬಂದಿತು. ಕೆಳಗಿದ್ದ ಅಂಕೆ ಆರು.

1867. ಯುದ್ಧ ಮುಗಿದು ಒಂಬತ್ತು ವರ್ಷವಾದ ಮೇಲೆ, ಸುರಪುರವನ್ನು 1860ರಲ್ಲಿ ನಿಜಾಮರಿಗೆ ಒಪ್ಪಿಸಿ ಏಳು ವರ್ಷವಾದ ಮೇಲೆ ತಯಾರಾದ ಪಿಸ್ತೂಲು. ಹಿಡಿಯ ತುದಿಯಲ್ಲಿ ಹಗ್ಗದ ಬಳೆಯಿದ್ದುದರಿಂದ ಇದು ಕುದುರೆ ಸವಾರನದೆಂದು ಊಹಿಸಬಹುದು.

ಹೇಳದೆ ಇರಲಾಗಲಿಲ್ಲ, ಹೋಗಿ ಹೇಳಿದೆ. ಮುತ್ಯಾ ತಗಡನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಅಂಕೆಗಳನ್ನು ಸವರಿದರು. ಬಹಳ ಹೊತ್ತು ಮಾತಿಲ್ಲ. ನನ್ನ ಮೇಲೆ ಸಿಟ್ಟಾದರೇನೋ ಎಂದುಕೊಂಡೆ.

“ನಮ್ಮ ಮನ್ಯಾಗ ಒಬ್ಬಾಂವ ಇದ್ನಂತ್ರಿ,” ಎಂದರು ಕೊನೆಗೆ. “ಮುತ್ಯಾನ ಮುತ್ಯಾಗ ತಮ್ಮನ ಮಗಾ. ಲಡಾಯಿ ಆದ ಮ್ಯಾಲ ಹೈದರಾಬಾದಿಗೆ ಹೋಗಿ ಇಂಗ್ರೇಜಿ ಸಾಹೇಬರ ಕೈಕೆಳಗ ಕುದರಿ ನೌಕರಿಗೆ ಸೇರಿದ್ನಂತ. ಅದಕ್ಕ ಮನ್ಯಾಗ ಅವನ ಹೆಸರು ಯಾರೂ ತಗೋತಿದ್ದಿಲ್ಲ.”

ನಿಜಾಮರ ಖರ್ಚಿನಲ್ಲಿ, ಆಂಗ್ಲ ಅಧಿಕಾರಿಗಳ ಕೈಕೆಳಗೆ ಇದ್ದ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯ ನನಗೆ ನೆನಪಾಯಿತು. ಅಲ್ಲಿಂದಲೇ ಬಂದಿರಬಹುದು, ಖಚಿತವಾಗಿ ಹೇಳುವ ಆಧಾರ ನನ್ನಲ್ಲಿಲ್ಲ.

“ಅಂದ್ರ ಪಿಸ್ತೂಲು ಮುಚ್ಚಿ ಇಟ್ಟಾಂವ ಅವನ ಇರಬೇಕ್ರಿ?” ಎಂದು ಕೇಳಿದರು.

“ಇರಬಹುದು ಮುತ್ಯಾ,” ಎಂದೆ.

ಮದುವೆಯ ದಿನ ಪಿಸ್ತೂಲು ಪಡಸಾಲೆಯಲ್ಲಿತ್ತು, ಹೊಳಪಿಲ್ಲದೆ, ಕಪ್ಪಗೆ. ಪಕ್ಕದಲ್ಲಿಡುವ ಚೀಟಿಯನ್ನು ಬರೆಯಲು ಅವರು ನನಗೇ ಹೇಳಿದರು. 1867 ಎಂದು ಬರೆದು ತಲೆಯೆತ್ತಿದೆ. ಮುತ್ಯಾ ಹೆಸರು ಹೇಳಿದರು, ಬರೆದುಕೊಂಡೆ.