ಗಡಿಯ ಬಾಗಿಲೂ ಲಸಿಕೆಯ ಪತ್ರವೂ

ಕೋವಿಡ್ ಮಹಾಮಾರಿಯ ಕಾಲದಲ್ಲಿ ಪರದೇಶಗಳ ವಿಮಾನ ನಿಲ್ದಾಣಗಳಲ್ಲಿ ಸಾಲುಗಟ್ಟಿ ನಿಂತು, ಲಸಿಕೆಯ ಪತ್ರವನ್ನೂ ಪರೀಕ್ಷೆಯ ವರದಿಯನ್ನೂ ಅಧಿಕಾರಿಗಳ ಮುಂದೊಡ್ಡಬೇಕಾಗಿ ಬಂದ ನಮ್ಮ ಪ್ರವಾಸಿಗಳ ಮನಸ್ಸಿನಲ್ಲಿ ಕೆಲವು ನಂಬಿಕೆಗಳು ಬೇರೂರಿ ಉಳಿದಿವೆ. ಅವುಗಳಲ್ಲಿ ಕೆಲವು ನಿರುಪದ್ರವಿಗಳು. ಕೆಲವಾದರೋ ಮುಂದೊಮ್ಮೆ ಅಂಥದೇ ಸಂಕಟವೊದಗಿದಾಗ ಪ್ರಜೆಗಳನ್ನೂ ಆಳುವವರನ್ನೂ ಸಮಾನವಾಗಿ ದಾರಿತಪ್ಪಿಸಬಲ್ಲಂಥವು.

ಪ್ರಯಾಣಿಕನಿಂದ ಲಸಿಕೆಯ ಪತ್ರವನ್ನು ಕೇಳುವ ಪದ್ಧತಿಯು ಕೋವಿಡ್ಡಿನೊಡನೆ ಹುಟ್ಟಿತೆಂಬುದು ಇವುಗಳಲ್ಲಿ ಮೊದಲನೆಯದು. ಸಿಡುಬು ಜಗತ್ತಿನಲ್ಲಿ ಇನ್ನೂ ಉಳಿದಿದ್ದಷ್ಟು ಕಾಲ, ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಹಡಗನ್ನೋ ವಿಮಾನವನ್ನೋ ಏರಿದ ನಮ್ಮ ಹಿರಿಯರು ಪಾಸ್‌ಪೋರ್ಟಿನ ಜೊತೆಯಲ್ಲಿ ಸಿಡುಬಿನ ಲಸಿಕೆಯ ಪತ್ರವನ್ನೂ ಇಟ್ಟುಕೊಂಡು ಹೋಗುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು ಇಂಥ ಪತ್ರಗಳ ಬಗೆಗೆ ಅಂತಾರಾಷ್ಟ್ರೀಯ ನಿಯಮಾವಳಿಯನ್ನು ಅಂಗೀಕರಿಸಿದ್ದು 1951ರಲ್ಲಿ; ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಘೋಷಣೆಯಾದ ಮೇಲೆ ಆ ರೋಗದ ಪತ್ರಕ್ಕೆ ಅರ್ಥವುಳಿಯಲಿಲ್ಲ. ರೋಗದ ಭಯದಿಂದ ಬಂದವರನ್ನು ಊರ ಹೊರಗೆ ಕೆಲವು ದಿನ ತಡೆದಿರಿಸುವ ಕ್ರಮವಾದರೋ ಇನ್ನೂ ಪ್ರಾಚೀನವಾದುದು; ಏಡ್ರಿಯಾಟಿಕ್ ತೀರದ ರಗೂಸಾ ನಗರವು, ಎಂದರೆ ಇಂದಿನ ದುಬ್ರೋವ್ನಿಕ್, ಪ್ಲೇಗು ಹಬ್ಬಿದ ಸೀಮೆಗಳಿಂದ ಬಂದವರು ಮೂವತ್ತು ದಿನ ಹೊರಗೆ ನಿಲ್ಲತಕ್ಕದ್ದೆಂದು 1377ರಲ್ಲಿಯೇ ಶಾಸನ ಮಾಡಿತ್ತು.

ಗಡಿಯನ್ನು ಮುಚ್ಚಿಬಿಟ್ಟರೆ ರೋಗವು ಒಳಗೆ ಬಾರದೆಂಬುದು ಎರಡನೆಯ ನಂಬಿಕೆ. ಇದು ಪೂರ್ಣವಾಗಿ ಸುಳ್ಳೆಂದಾಗಲಿ ಪೂರ್ಣವಾಗಿ ನಿಜವೆಂದಾಗಲಿ ಹೇಳಲು ಬರುವಂಥದಲ್ಲವಾದುದರಿಂದ, ಇದರ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಅವಶ್ಯಕ. ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಒಮಿಕ್ರಾನ್ ಎಂಬ ಹೊಸ ರೂಪಾಂತರವನ್ನು ಗುರುತಿಸಿ, 2021ರ ನವೆಂಬರ್ 24ರಂದು ಲೋಕಕ್ಕೆ ತಿಳಿಸಿದ ಎರಡೇ ದಿನಗಳಲ್ಲಿ, ಒಂದಾದ ಮೇಲೊಂದರಂತೆ ಸಿರಿವಂತ ರಾಷ್ಟ್ರಗಳು ಆಫ್ರಿಕದ ದಕ್ಷಿಣ ಭಾಗದ ದೇಶಗಳಿಗೆ ಬಾಗಿಲು ಹಾಕಿಕೊಂಡವು. ಆದರೆ ಅದೇ ತಿಂಗಳ 19ರಂದು, ಎಂದರೆ ಆ ಪ್ರಕಟಣೆಗೆ ಐದು ದಿನ ಮೊದಲೇ, ನೆದರ್‌ಲೆಂಡ್ಸಿನಲ್ಲಿ ಸಂಗ್ರಹಿಸಿದ್ದ ಮಾದರಿಯಲ್ಲಿ ಅದೇ ವೈರಾಣು ಇದ್ದುದು ಬಳಿಕ ಬೆಳಕಿಗೆ ಬಂದಿತು. ಭಾರತದ ಮೊದಲ ಎರಡು ಪ್ರಕರಣಗಳನ್ನು ಡಿಸೆಂಬರ್ 2ರಂದು ಪ್ರಕಟಿಸಿದಾಗ ಅವೆರಡೂ ನಮ್ಮ ಬೆಂಗಳೂರಿನವೇ ಆಗಿದ್ದುವು. ಒಬ್ಬರು ದಕ್ಷಿಣ ಆಫ್ರಿಕದಿಂದ ಬಂದಿದ್ದ ಪ್ರಯಾಣಿಕರು, ಇನ್ನೊಬ್ಬರು ಪರದೇಶಕ್ಕೆ ಹೋಗಿರದಿದ್ದ ಒಬ್ಬ ವೈದ್ಯರು. ವಿದೇಶಪ್ರಯಾಣ ಮಾಡದವರಲ್ಲಿಯೇ ರೋಗ ಕಾಣಿಸಿಕೊಂಡಿತೆಂದ ಮೇಲೆ, ಅದು ಊರೊಳಗೆ ಕಾಲಿಟ್ಟು ಸಂಚರಿಸುತ್ತಿತ್ತೆಂಬುದರಲ್ಲಿ ಸಂಶಯವೆಲ್ಲಿ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಇಂಥ ನಿರ್ಬಂಧಗಳಿಗೆ ಚೆನ್ನಾಗಿ ಒಪ್ಪುತ್ತದೆ. ಪ್ರಾಮಾಣಿಕವಾಗಿ ವಾರ್ತೆ ಕೊಟ್ಟ ದೇಶವೇ ಮೊದಲು ದಂಡ ತೆರಬೇಕಾಗಿ ಬಂದದ್ದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ. ಅನ್ಯಾಯ ಮಾತ್ರವಲ್ಲ, ಅವಿವೇಕವೂ ಅಹುದು, ಏಕೆಂದರೆ ಮುಂದಿನ ಸಾರಿ ಹೊಸ ರೋಗವೊಂದನ್ನು ಕಂಡ ದೇಶವು ಬಾಯಿಬಿಡುವ ಮೊದಲು ತನ್ನ ಪ್ರವಾಸೋದ್ಯಮದ ನಷ್ಟವನ್ನು ಲೆಕ್ಕಹಾಕತೊಡಗಿದರೆ ಅದರ ಫಲವನ್ನು ಎಲ್ಲರೂ ಉಣ್ಣಬೇಕಾದೀತು.

ಹಾಗಾದರೆ ಗಡಿಯ ಕಾವಲು ಯಾವಾಗಲೂ ವ್ಯರ್ಥವೇ? ಅಲ್ಲ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ನಡೆದುದನ್ನು ನೋಡಬೇಕು. ಆಕ್ಲೆಂಡಿನಿಂದ ಹೊರಟ ತಲೂನ್ ಎಂಬ ಹಡಗು, ಒಳಗೆ ರೋಗಿಗಳಿದ್ದರೂ, ಯಾವ ತಡೆಯೂ ಇಲ್ಲದೆ ನವೆಂಬರ್ 7ರಂದು ಪಶ್ಚಿಮ ಸಮೋವಾದ ಆಪಿಯಾ ರೇವನ್ನು ಸೇರಿತು. ಕೆಲವೇ ವಾರಗಳಲ್ಲಿ ಆ ನಾಡಿನ ಜನಸಂಖ್ಯೆಯ ಸುಮಾರು ಐದರಲ್ಲೊಂದು ಪಾಲು ಮಣ್ಣುಪಾಲಾಯಿತು. ನೂರು ಮೈಲಿಗಿಂತಲೂ ಕಡಮೆ ದೂರದಲ್ಲಿದ್ದ ಅಮೆರಿಕದ ಅಧೀನದ ಸಮೋವಾದಲ್ಲಿ, ಗವರ್ನರ್ ಜಾನ್ ಪೋಯರ್ ರೋಗ ಕಾಲಿಡುವ ಮುನ್ನವೇ ರೇವಿಗೆ ಕಾವಲಿಟ್ಟು, ಅದನ್ನು ಬಿಗಿಯಾಗಿ ಪಾಲಿಸಿದುದರಿಂದ, ಆ ರೋಗದಿಂದ ಒಬ್ಬರೂ ಸಾಯಲಿಲ್ಲ. ಒಂದೇ ಕುಲದ, ಒಂದೇ ಭಾಷೆಯ ಜನರಿಗೆ ಒದಗಿದ ಈ ಎರಡು ಗತಿಗಳ ನಡುವಣ ಅಂತರವೆಲ್ಲವೂ ಕಾವಲಿಟ್ಟ ವೇಳೆಯಲ್ಲಿದೆ. ಜೊತೆಗೆ, ಸಮುದ್ರದಿಂದ ಸುತ್ತುವರಿದ ಸಣ್ಣ ದ್ವೀಪಕ್ಕೆ ಸಾಧ್ಯವಾದುದು ನೂರು ರಸ್ತೆಗಳಿಂದ ಬೆಸೆದುಕೊಂಡ ನಾಡಿಗೆ ಸಾಧ್ಯವಾಗದೆಂಬುದನ್ನೂ ಮರೆಯಲಾಗದು. 2020ರ ಮಾರ್ಚಿನಲ್ಲಿ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿಸಿದಾಗ, ಚಿಕಿತ್ಸೆಗಾಗಿ ಮಂಗಳೂರನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು, ಅದು ಕೇರಳದ ಉಚ್ಚ ನ್ಯಾಯಾಲಯದವರೆಗೂ ಹೋದುದನ್ನು, ಆ ಕಡೆಯ ಕನ್ನಡಿಗರು ಇನ್ನೂ ಮರೆತಿಲ್ಲ.

ಮೂರನೆಯದು, ನಮ್ಮ ಸರ್ಕಾರವಾಗಲಿ ವಿಶ್ವ ಆರೋಗ್ಯ ಸಂಸ್ಥೆಯಾಗಲಿ ಒಪ್ಪಿದ ಲಸಿಕೆಯನ್ನು ಎಲ್ಲ ದೇಶಗಳೂ ಒಪ್ಪಲೇಬೇಕೆಂಬ ಭಾವನೆ. ಆ ಸಂಸ್ಥೆಯು ಸಲಹೆ ನೀಡಬಲ್ಲುದೇ ಹೊರತು ಯಾವ ದೇಶದ ಬಾಗಿಲನ್ನೂ ತೆರೆಯಿಸಲಾರದು. ಕೋವಿಶೀಲ್ಡಿಗೆ ಅದರ ಮನ್ನಣೆ ದೊರೆತುದು 2021ರ ಫೆಬ್ರವರಿಯಲ್ಲಿ. ಆದರೂ ಜುಲೈ 1ರಂದು ಐರೋಪ್ಯ ಒಕ್ಕೂಟದ ಕೋವಿಡ್ ಪ್ರಮಾಣಪತ್ರ ಜಾರಿಗೆ ಬಂದಾಗ, ಒಕ್ಕೂಟದ ಔಷಧ ಸಂಸ್ಥೆಯ ಅನುಮತಿ ಪಡೆದ ಲಸಿಕೆಗಳ ಸಾಲಿನಲ್ಲಿ ಪುಣೆಯ ಈ ಲಸಿಕೆ ಇರಲಿಲ್ಲ, ಅದನ್ನು ಒಪ್ಪುವುದು ಬಿಡುವುದು ಒಂದೊಂದು ದೇಶದ ಇಚ್ಛೆಗೆ ಬಿಟ್ಟ ವಿಷಯವಾಯಿತು. ಬ್ರಿಟನ್ನಿನಲ್ಲಿ ನಡೆದುದು ಇನ್ನೂ ವಿಚಿತ್ರ: ಲಸಿಕೆಯನ್ನು ಒಪ್ಪಿದ ಅದೇ ಸರ್ಕಾರ ಭಾರತದ ಪತ್ರವನ್ನು ಒಪ್ಪದೆ, ಎರಡೂ ಡೋಸು ಪಡೆದವರಿಗೆ ಹತ್ತು ದಿನಗಳ ಕ್ವಾರಂಟೈನ್ ವಿಧಿಸಿತು, ಭಾರತವೂ ಅಕ್ಟೋಬರ್ 4ರಿಂದ ಬ್ರಿಟನ್ನಿನವರಿಗೆ ಅದೇ ಕಟ್ಟಳೆಯನ್ನು ವಿಧಿಸಿದ ಮೇಲೆ, 11ರಿಂದ ಆ ತಡೆ ಸಡಿಲಗೊಂಡಿತು. ಇದಕ್ಕೆ ವ್ಯತಿರಿಕ್ತವಾಗಿ ಆಸ್ಟ್ರೇಲಿಯವು ಕೋವ್ಯಾಕ್ಸಿನ್ನನ್ನು, ವಿಶ್ವ ಆರೋಗ್ಯ ಸಂಸ್ಥೆ ಮನ್ನಿಸುವುದಕ್ಕೆ ಎರಡು ದಿನ ಮೊದಲೇ, ನವೆಂಬರ್ 1ರಂದು ಮಾನ್ಯ ಮಾಡಿತ್ತು.

ಲಸಿಕೆ ಪಡೆದವನಿಗೆ ಪರೀಕ್ಷೆಯೇಕೆ ಎಂಬ ಪ್ರಶ್ನೆಯ ಹಿಂದೆ, ಲಸಿಕೆಯು ರೋಗವನ್ನು ಹತ್ತಿರಕ್ಕೇ ಬಿಡದೆಂಬ ನಂಬಿಕೆಯಿದೆ. ಕೋವಿಡ್ ಲಸಿಕೆಗಳು ಉಗ್ರರೋಗದಿಂದಲೂ ಸಾವಿನಿಂದಲೂ ಚೆನ್ನಾಗಿ ಕಾಪಾಡಿದವು. ಸೋಂಕನ್ನೂ ಅದರ ಹರಡುವಿಕೆಯನ್ನೂ ತಡೆಯುವುದರಲ್ಲಿ ಅವುಗಳ ಬಲ ಅಷ್ಟಿರಲಿಲ್ಲ. 2021ರ ಜುಲೈ ಕೊನೆಯಲ್ಲಿ ಕೇರಳದಿಂದ ಬರುವವರು ಲಸಿಕೆ ಪಡೆದಿದ್ದರೂ ಆರ್‌ಟಿ-ಪಿಸಿಆರ್ ವರದಿ ತರಬೇಕೆಂದು ಕರ್ನಾಟಕವು ವಿಧಿಸಿ, ಮಾಕುಟ್ಟ, ಬಾವಲಿ, ಮೂಲೆಹೊಳೆಗಳ ತಪಾಸಣಾ ಠಾಣೆಗಳಲ್ಲಿ ಪ್ರವಾಸಿಗಳನ್ನು ನಿಲ್ಲಿಸಿದಾಗ ಅನೇಕರು ಸಿಡಿಮಿಡಿಗೊಂಡದ್ದುಂಟು. ಆ ವರದಿಯೂ ಮಾದರಿ ತೆಗೆದ ಗಳಿಗೆಯ ಸ್ಥಿತಿಯನ್ನಷ್ಟೇ ಹೇಳಬಲ್ಲುದು. ಮರುದಿನದ ಹೊಣೆ ಅದರದಲ್ಲ.

ಕೋವಿಡ್ ನಿರ್ಬಂಧಗಳು ಇಂದು ಬಹುಮಟ್ಟಿಗೆ ತೊಲಗಿವೆ. ತೊಲಗದೆ ಉಳಿದಿರುವುದು ಹಳದಿ ಜ್ವರದ ಪತ್ರ. ಕೀನ್ಯಾದ ಸಿಂಹಗಳನ್ನು ನೋಡಲು ಹೊರಡುವ ನಮ್ಮವರು, ಇದು ಆ ದೇಶದವರು ಕೇಳುವ ಕಾಗದವೆಂದೂ ತಮ್ಮ ಸ್ವಂತ ರಕ್ಷಣೆಗಾಗಿ ಮಾತ್ರ ಇರುವುದೆಂದೂ ತಿಳಿದಿರುತ್ತಾರೆ. ಹಿಂದಿರುಗಿದಾಗ ಅದನ್ನು ಕೇಳುವುದು ಭಾರತವೇ. ಈ ರೋಗವನ್ನು ಹರಡುವ ಈಡಿಸ್ ಸೊಳ್ಳೆ, ಡೆಂಗಿಯ ಅದೇ ಸೊಳ್ಳೆ, ನಮ್ಮ ಊರುಗಳಲ್ಲಿ ತುಂಬಿ ತುಳುಕುತ್ತಿದೆ; ರೋಗ ಮಾತ್ರ ಇಲ್ಲ. ಸೋಂಕಿದ ರಕ್ತದೊಡನೆ ಮರಳಿದ ಒಬ್ಬನನ್ನು ಇಲ್ಲಿನ ಸೊಳ್ಳೆ ಕಚ್ಚಿದರೆ, ಲಸಿಕೆಯೂ ಇಲ್ಲದ, ಪೂರ್ವಾನುಭವವೂ ಇಲ್ಲದ ಕೋಟ್ಯಂತರ ಜನರ ನಡುವೆ ರೋಗ ನೆಲೆಯೂರಬಹುದು. ಪತ್ರವಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸುವುದು ಈ ಕಾರಣದಿಂದಲೇ; ಸೋಂಕು ತಗಲಿದಂದಿನಿಂದ ಜ್ವರವು ತಲೆದೋರಲು ಹಿಡಿಯುವ ಅವಧಿ ಅಷ್ಟೇ.

ಈ ಪತ್ರವನ್ನು ಹತ್ತು ವರ್ಷಗಳಿಗೊಮ್ಮೆ ನವೀಕರಿಸಬೇಕೆಂಬ ಮಾತೂ ಇನ್ನೂ ಚಲಾವಣೆಯಲ್ಲಿದೆ. 2016ರ ಜುಲೈ 11ರಿಂದ ಅಂತಾರಾಷ್ಟ್ರೀಯ ನಿಯಮದಂತೆ ಅದಕ್ಕೆ ಆಜೀವ ಮಾನ್ಯತೆಯಿದೆ. ಆದರೆ ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳಾದ ಮೇಲಷ್ಟೇ ಅದು ಊರ್ಜಿತವಾಗುತ್ತದೆ, ಅದನ್ನು ಸರ್ಕಾರ ಅಧಿಕೃತಗೊಳಿಸಿದ ಕೇಂದ್ರದಲ್ಲಿಯೇ ಪಡೆಯಬೇಕು. ಮ್ಯಾಕ್ಸ್ ಥೈಲರ್ 1937ರಲ್ಲಿ ಸಿದ್ಧಪಡಿಸಿದ, 1951ರ ನೊಬೆಲ್ ಬಹುಮಾನವನ್ನು ಅವರಿಗೆ ತಂದುಕೊಟ್ಟ ಈ ಲಸಿಕೆಯಲ್ಲಿರುವುದು ಶಕ್ತಿಗುಂದಿಸಿದ ಜೀವಂತ ವೈರಾಣುವಾದುದರಿಂದ, ಅರುವತ್ತು ದಾಟಿದವರೂ ರೋಗನಿರೋಧಕ ಶಕ್ತಿ ಕುಂದಿದವರೂ ಮೊಟ್ಟೆ ಒಗ್ಗದವರೂ ಟಿಕೆಟ್ ಕೊಳ್ಳುವ ಮೊದಲೇ ವೈದ್ಯರನ್ನು ಕಂಡು ವಿಚಾರಿಸುವುದು ಲೇಸು. ಲಸಿಕೆ ಸಲ್ಲದೆಂದು ವೈದ್ಯರು ಕಂಡರೆ ಅದರ ಕಾರಣವನ್ನು ಇಂಗ್ಲಿಷಿನಲ್ಲಿಯೋ ಫ್ರೆಂಚಿನಲ್ಲಿಯೋ ಬರೆದುಕೊಡಲು ಅಂತಾರಾಷ್ಟ್ರೀಯ ನಿಯಮಾವಳಿಯಲ್ಲಿ ಅವಕಾಶವಿದೆ. ಬಂದಿಳಿದ ನಿಲ್ದಾಣದ ಆರೋಗ್ಯಾಧಿಕಾರಿಗಳು ಆ ಬರಹವನ್ನು ಗಣನೆಗೆ ತಂದುಕೊಳ್ಳತಕ್ಕದ್ದೆಂದೂ ಅದರಲ್ಲಿಯೇ ವಿಧಿಸಲಾಗಿದೆ.