ಕಾರಿಗೆ ಜ್ವರವೋ, ಮುಳ್ಳಿಗೆ ಭ್ರಾಂತಿಯೋ?

ಮಗುವಿನ ಮೈ ಬೆಚ್ಚಗಾದರೆ ತಾಯಿ ಮೊದಲು ಹಣೆಯನ್ನು ಮುಟ್ಟಿ ನೋಡುತ್ತಾಳೆ. ಉಷ್ಣಮಾಪಕವನ್ನು ತರುವುದು ಆಮೇಲೆ. ಗಾಜಿನ ನಳಿಗೆಯೊಳಗಿನ ಪಾದರಸ ಏನೇ ಹೇಳಲಿ, ಅವಳ ಅಂಗೈ ಅದಕ್ಕೆ ಸಾಕ್ಷಿ ನುಡಿಯಬೇಕು. ಹಳೆಯ ಮೋಟಾರು ಕಾರನ್ನು ಸಾಕಿಕೊಂಡವರಿಗೆ ಈ ಅನುಕೂಲವಿಲ್ಲ. ಓಡುತ್ತಿರುವ ಕಾರಿನಲ್ಲಿ ಕುಳಿತು ಎಂಜಿನ್ನಿನ ಹಣೆಯನ್ನು ಮುಟ್ಟುವುದೆಂತು? ಮುಂದಿನ ಹಲಗೆಯ ಮೇಲೆ ‘ಸಿ’ ಮತ್ತು ‘ಎಚ್’ ಎಂಬ ಎರಡು ಅಕ್ಷರಗಳ ನಡುವೆ ಚಲಿಸುವ ಸಣ್ಣದೊಂದು ಮುಳ್ಳನ್ನೇ ನಂಬಬೇಕು. ಆ ಮುಳ್ಳೇ ಸುಳ್ಳಾಡತೊಡಗಿದರೆ ಒಡೆಯನ ಗತಿಯೇನು?

ಮುಳ್ಳಿನ ಸುಳ್ಳು ಎರಡು ಬಗೆಯದು. ಎಂಜಿನ್ ಆರೋಗ್ಯವಾಗಿದ್ದರೂ ಜ್ವರವೆಂದು ಕೂಗುವುದು ಒಂದು. ಇದರಿಂದ ಹಾನಿ ಹಣಕ್ಕೆ ಮಾತ್ರ. ಒಡೆಯನು ಗಾಬರಿಯಿಂದ ಗ್ಯಾರೇಜಿಗೆ ಓಡುತ್ತಾನೆ. “ರೇಡಿಯೇಟರ್ ಕಟ್ಟಿಕೊಂಡಿದೆ ಸ್ವಾಮಿ” ಎಂಬ ತೀರ್ಪು ಹೊರಬೀಳುತ್ತದೆ. ರೇಡಿಯೇಟರ್ ಬಿಚ್ಚಿ ತೊಳೆದದ್ದಾಯಿತು, ವಾಟರ್ ಪಂಪು ಹೊಸದಾಯಿತು. ಮುಳ್ಳು ಮಾತ್ರ ಇದ್ದಲ್ಲೇ ಇದೆ. ಇನ್ನೊಂದು ಬಗೆಯ ಸುಳ್ಳು ಇದಕ್ಕಿಂತ ಕ್ರೂರವಾದುದು. ಒಳಗೆ ನೀರು ಬತ್ತಿ ಲೋಹವು ಬೇಯುತ್ತಿರುವಾಗ ಮುಳ್ಳು ತಣ್ಣಗೆ ಕೆಳಗಿಳಿದು ಮಲಗಿರುತ್ತದೆ. ಸಿಲಿಂಡರ್ ಹೆಡ್ ಬಾಗಿ, ಅದರ ಕೆಳಗಿನ ಗ್ಯಾಸ್ಕೆಟ್ ಸುಟ್ಟು, ಎಣ್ಣೆಯೊಳಗೆ ನೀರು ಬೆರೆತ ಮೇಲೆಯೇ ನಿಜ ಗೊತ್ತಾಗುವುದು. ತಂದೆಯ ಕಾಲದಿಂದ ಮನೆಯಲ್ಲಿ ನಿಂತ ಕಾರು ಗುಜರಿಯವನ ಪಾಲಾಗಲು ಇಂಥ ಒಂದು ಮಧ್ಯಾಹ್ನ ಸಾಕು.

ನಮ್ಮ ಮನೆಗಳ ಮುಂದೆ ಇಂದಿಗೂ ಅಲ್ಲಲ್ಲಿ ನಿಂತಿರುವ ಹಳೆಯ ಕಾರುಗಳಲ್ಲಿ ಅಂಬಾಸಿಡರಿಗೆ ಮೊದಲ ಮಣೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ ಅದರ ಮೂಲ. ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತದ್ದು ೨೦೧೪ರಲ್ಲಿ. ಬಹುಕಾಲ ಅದರ ಹೊಟ್ಟೆಯಲ್ಲಿದ್ದ ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನಾಗಲಿ, ಅದರ ಓರಗೆಯ ಇತರ ಎಂಜಿನ್ನುಗಳಾಗಲಿ ಸುಡುವ ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ನೀರಿಗೇ ಒಪ್ಪಿಸಿಬಿಡುತ್ತವೆ. ಆ ನೀರು ಸುಮಾರು ೮೨ ಡಿಗ್ರಿ ಸೆಂಟಿಗ್ರೇಡಿಗೆ ಬರುವವರೆಗೂ ಥರ್ಮೋಸ್ಟಾಟ್ ಎಂಬ ದ್ವಾರಪಾಲಕನು ಬಾಗಿಲನ್ನು ಮುಚ್ಚಿಯೇ ಇರುತ್ತಾನೆ. ಬಳಿಕ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತಾನೆ.

ಈ ಬಿಸಿಯ ಸುದ್ದಿಯನ್ನು ಮುಳ್ಳಿಗೆ ಮುಟ್ಟಿಸಲು ಹಿಂದಿನವರು ಎರಡು ಉಪಾಯಗಳನ್ನು ಕಂಡುಕೊಂಡಿದ್ದರು. ಹಳೆಯ ಉಪಾಯದಲ್ಲಿ ವಿದ್ಯುತ್ತಿಗೆ ಕೆಲಸವೇ ಇಲ್ಲ. ಎಂಜಿನ್ನಿನಲ್ಲಿ ಈಥರ್ ತುಂಬಿದ ಬುರುಡೆ, ಅಲ್ಲಿಂದ ಕೂದಲಿನಷ್ಟು ಸಣ್ಣ ರಂಧ್ರದ ಲೋಹದ ನಳಿಗೆ, ಕೊನೆಯಲ್ಲಿ ಬಾಗಿದ ಕೊಳವೆಯೊಂದು. ಬಿಸಿಗೆ ಈಥರ್ ಆವಿಯಾಗಿ ಒತ್ತಡ ಹೆಚ್ಚಿದಾಗ ಬಾಗಿದ ಕೊಳವೆ ನೆಟ್ಟಗಾಗಲು ಯತ್ನಿಸುತ್ತದೆ. ಆ ಯತ್ನವೇ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಬೂರ್ಡೊನ್ ೧೮೪೯ರಲ್ಲಿ ಹಕ್ಕುಪತ್ರ ಪಡೆದ ಕೊಳವೆ ಇದೇ. ನಳಿಗೆ ಎಲ್ಲಿಯೋ ಬಿರುಕುಬಿಟ್ಟರೆ ಈಥರ್ ಹಾರಿಹೋಗಿ ಮುಳ್ಳು ತಳಕ್ಕೆ ಕುಸಿಯುತ್ತದೆ. ಕತ್ತರಿಸಿ ಬೆಸುಗೆ ಹಾಕಿಬಿಟ್ಟರೆ ಸರಿಹೋಗುವ ರೋಗ ಇದಲ್ಲ; ಮತ್ತೆ ಈಥರ್ ತುಂಬಬಲ್ಲ ಅನುಭವಿಗಳ ಕೈಗೇ ಅದನ್ನು ಒಪ್ಪಿಸಬೇಕು.

ಎರಡನೆಯದು ವಿದ್ಯುತ್ತಿನದು. ಸಿಲಿಂಡರ್ ಹೆಡ್ಡಿನ ಬಳಿ ಹಿತ್ತಾಳೆಯ ಸಣ್ಣ ಬಿರಡೆಯೊಂದನ್ನು ತಿರುಚಿ ಕೂರಿಸಿರುತ್ತಾರೆ; ಮೇಸ್ತ್ರಿಗಳು ಅದನ್ನು ಸೆಂಡರ್ ಎನ್ನುತ್ತಾರೆ. ನೀರು ಬಿಸಿಯಾದಷ್ಟೂ ಅದರ ವಿದ್ಯುತ್ ತಡೆ ಇಳಿಯುತ್ತದೆ, ಹರಿಯುವ ವಿದ್ಯುತ್ತು ಹೆಚ್ಚುತ್ತದೆ. ಅತ್ತ ಗೇಜಿನೊಳಗೆ ಎರಡು ಲೋಹಗಳ ಜೋಡುಪಟ್ಟಿಯೊಂದಕ್ಕೆ ಸಣ್ಣ ತಂತಿ ಸುತ್ತಿರುತ್ತದೆ. ತಂತಿ ಕಾದು ಪಟ್ಟಿ ಬಾಗಿದಾಗ ಮುಳ್ಳು ಮೇಲೇರುತ್ತದೆ. ಪರರ ಜ್ವರವನ್ನು ತಿಳಿಸಲು ತಾನೂ ಬಿಸಿಯಾಗುವ ಈ ಉಪಕರಣದ ವಿನಯ ಮೆಚ್ಚತಕ್ಕದ್ದೇ! ಈ ಬಗೆಯ ಮುಳ್ಳು ಜಿಗಿಯದೆ ನಿಧಾನವಾಗಿ ಏರುವುದಕ್ಕೂ ಅದೇ ಕಾರಣ.

ಸುಳ್ಳನ್ನು ಹಿಡಿಯಲು ಸುತ್ತಿಗೆ ಬೇಡ, ತಾಳ್ಮೆ ಬೇಕು. ಮುಂಜಾನೆ, ಎಂಜಿನ್ ರಾತ್ರಿಯೆಲ್ಲ ತಣಿದಿರುವಾಗ, ಕೀಲಿಕೈಯನ್ನು ತಿರುಗಿಸಿ ನೋಡಬೇಕು. ಎಂಜಿನ್ ಹೊರಡುವ ಮೊದಲೇ ಮುಳ್ಳು ‘ಎಚ್’ ಕಡೆಗೆ ಸರಿದರೆ ಅದು ಜ್ವರವಲ್ಲ. ತಂತಿಯ ಹೊದಿಕೆ ಎಲ್ಲಿಯೋ ಸವೆದು ಕಾರಿನ ಮೈಗೆ ತಗುಲಿದೆ, ಇಲ್ಲವೇ ಸೆಂಡರ್ ಒಳಗೇ ಕೆಟ್ಟಿದೆ. ಆಗ ಪೆಟ್ರೋಲಿನ ಮುಳ್ಳನ್ನೂ ಗಮನಿಸಬೇಕು. ಇಂಗ್ಲಿಷ್ ಪರಂಪರೆಯ ಅನೇಕ ಕಾರುಗಳಲ್ಲಿ ಎರಡು ಗೇಜುಗಳಿಗೂ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಬ್ಯಾಟರಿಯ ಏರಿಳಿತವನ್ನು ತಡೆದು ಸರಾಸರಿ ೧೦ ವೋಲ್ಟನ್ನು ಒದಗಿಸುವುದು ಅದರ ಕೆಲಸ. ಆ ಸಣ್ಣ ಡಬ್ಬಿಗೆ ಕಾರಿನ ಮೈಯೊಡನೆ ಇರುವ ಸಂಪರ್ಕ ತುಕ್ಕಿನಿಂದ ಕಡಿದರೆ ಬ್ಯಾಟರಿಯ ಪೂರ್ಣ ಬಲ ಗೇಜುಗಳ ಮೇಲೆ ಬೀಳುತ್ತದೆ. ಆಗ ಟ್ಯಾಂಕಿನಲ್ಲಿ ಇಲ್ಲದ ಪೆಟ್ರೋಲೂ ಎಂಜಿನ್ನಿನಲ್ಲಿ ಇಲ್ಲದ ಬಿಸಿಯೂ ಒಟ್ಟಿಗೇ ಕಾಣಿಸುತ್ತವೆ. ಎರಡು ಮುಳ್ಳುಗಳು ಜೊತೆಜೊತೆಯಾಗಿ ದಾರಿ ತಪ್ಪಿದರೆ ರೇಡಿಯೇಟರನ್ನು ಮುಟ್ಟದಿರುವುದೇ ಲೇಸು. ಮರಳುಕಾಗದದಿಂದ ಒಂದು ಸ್ಕ್ರೂವಿನ ತಲೆಯನ್ನು ಉಜ್ಜಿದರೆ ಮುಗಿಯುವ ಕೆಲಸ ಅದಿರಬಹುದು.

ಮುಳ್ಳು ಏಳುವುದೇ ಇಲ್ಲವಾದರೆ ಸೆಂಡರಿನ ತಂತಿಯನ್ನು ಕಳಚಿ, ಕೀಲಿಕೈ ತಿರುಗಿಸಿ, ತಂತಿಯ ತುದಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಬೇಕು. ಮುಳ್ಳು ಮೇಲೇರತೊಡಗಿದೊಡನೆ ತೆಗೆದುಬಿಡಬೇಕು. ಹೆಚ್ಚು ಹೊತ್ತು ಹಿಡಿದರೆ ಗೇಜಿನ ಒಳತಂತಿ ಸುಡುತ್ತದೆ. ಹೀಗೆ ಮುಳ್ಳು ಎದ್ದರೆ ಗೇಜೂ ತಂತಿಯೂ ನಿರಪರಾಧಿಗಳು, ಸಂಶಯ ಸೆಂಡರಿನ ಮೇಲೆ. ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ಉಷ್ಣಮಾಪಕದೊಡನೆ ಮುಳುಗಿಸಿ, ಒಲೆಯ ಮೇಲಿಟ್ಟು, ಮೀಟರಿನಿಂದ ತಡೆಯನ್ನು ಅಳೆಯಬಹುದು. ನೀರು ಕಾದಂತೆ ಅಂಕಿ ಒಂದೇ ಸಮನೆ ಇಳಿಯುತ್ತ ಬಂದರೆ ಅದಕ್ಕೆ ಜೀವವಿದೆ. ಮರಳಿ ಕೂರಿಸುವಾಗ ಸೋರಬಾರದೆಂದು ಮರೆಯ ತುಂಬ ಬಿಳಿಯ ಟೇಪನ್ನು ಸುತ್ತುವುದು ಕೆಲವರ ವಾಡಿಕೆ. ಅತಿಯಾದರೆ ಲೋಹಕ್ಕೆ ಲೋಹ ತಾಗದೆ ಮತ್ತೊಂದು ಸುಳ್ಳಿಗೆ ಅದೇ ತವರಾಗುತ್ತದೆ.

ಗೇಜು, ತಂತಿ, ಸೆಂಡರ್ ಮೂರೂ ಸರಿಯಿದ್ದು ಮುಳ್ಳು ಕೆಳಗೇ ಉಳಿದರೆ ಅದು ನಿಜವನ್ನೇ ನುಡಿಯುತ್ತಿರಬಹುದು. ಥರ್ಮೋಸ್ಟಾಟ್ ತೆರೆದಂತೆಯೇ ಸಿಕ್ಕಿಕೊಂಡಿದೆ, ಅಥವಾ ಹಿಂದಿನ ಮೇಸ್ತ್ರಿ ‘ನಮ್ಮ ಸೆಕೆಯ ದೇಶಕ್ಕೆ ಇದೇಕೆ’ ಎಂದು ಕಿತ್ತೆಸೆದಿದ್ದಾನೆ. ಈ ವೈದ್ಯ ಒಳ್ಳೆಯದಲ್ಲ; ಸದಾ ತಣ್ಣಗೆ ಓಡುವ ಎಂಜಿನ್ ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ, ಬೇಗನೆ ಸವೆಯುತ್ತದೆ ಕೂಡ.

ಇನ್ನು ಆ ಕ್ರೂರ ಸುಳ್ಳಿನ ಮಾತು. ಸೆಂಡರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನೀರಿನ ಬಿಸಿಯನ್ನು ಬಲ್ಲದು. ಹೋಸ್ ಪೈಪು ಒಡೆದು ನೀರೆಲ್ಲ ಹರಿದುಹೋದರೆ ಅದರ ಸುತ್ತ ಗಾಳಿ ಮತ್ತು ಆವಿ ಮಾತ್ರ ಉಳಿಯುತ್ತವೆ. ಮುಳ್ಳು ಒಮ್ಮೆ ಮೇಲೇರಿ ಆಮೇಲೆ ಇಳಿದುಬಿಡಬಹುದು. ಮೈಸೂರಿನಿಂದ ಉದಕಮಂಡಲಕ್ಕೆ ಹೊರಟ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಿ. ಮಸಿನಗುಡಿ ದಾಟಿ ಕಲ್ಲಹಟ್ಟಿಯ ೩೬ ಹೇರ್‌ಪಿನ್ ತಿರುವುಗಳನ್ನು ಕಾರು ಮೊದಲ ಗೇರಿನಲ್ಲಿ ಏರುತ್ತಿದೆ. ಮೇಲೇರಿದ್ದ ಮುಳ್ಳು ಥಟ್ಟನೆ ಕೆಳಗಿಳಿಯಿತು. “ನೋಡಿದೆಯಾ, ತಣ್ಣಗಾಯಿತು!” ಎಂದು ಯಜಮಾನರು ಹೆಂಡತಿಗೆ ಹೇಳುತ್ತಾರೆ. ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿ “ಏನೋ ಸುಟ್ಟ ವಾಸನೆ ಕಣಪ್ಪಾ” ಎನ್ನುತ್ತಾರೆ. ಅಜ್ಜಿಯ ಮೂಗನ್ನು ನಂಬಿ ಕೂಡಲೇ ಕಾರು ನಿಲ್ಲಿಸಬೇಕು. ಕಾರಣವಿಲ್ಲದೆ ಇಳಿದ ಮುಳ್ಳು ಕಾರಣವಿಲ್ಲದೆ ಏರಿದ ಮುಳ್ಳಿಗಿಂತ ಹೆಚ್ಚು ಭಯಂಕರ.

ನಿಲ್ಲಿಸಿದ ಮೇಲೆ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಬಾರದು. ಚದರ ಅಂಗುಲಕ್ಕೆ ೭ ಪೌಂಡಿನ ಒತ್ತಡವನ್ನು ಹಿಡಿಯುವ ಮುಚ್ಚಳದ ಕೆಳಗೆ ನೀರು ಸಮುದ್ರಮಟ್ಟದಲ್ಲಿ ಸುಮಾರು ೧೧೧ ಡಿಗ್ರಿಯವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಬಿಟ್ಟುಹೋಗಿ ಆ ನೀರು ಒಟ್ಟಿಗೇ ಕುದಿದು ಮುಖಕ್ಕೆ ಎರಚುತ್ತದೆ. ತಣ್ಣೀರನ್ನು ಸುರಿಯುವ ಅವಸರವೂ ಬೇಡ. ಕಾದ ಲೋಹ ಸೀಳುತ್ತದೆ. ಅರ್ಧ ಗಂಟೆಗೆ ಕಡಮೆಯಿಲ್ಲದೆ ಕಾಯಬೇಕು, ಬಟ್ಟಲುಕಟ್ಟೆಯ ಬುತ್ತಿ ಬಿಚ್ಚಲು ಒಳ್ಳೆಯ ಸಮಯ.

ಈಚೆಗೆ ಪಿಸ್ತೂಲಿನಾಕಾರದ ಇನ್‌ಫ್ರಾರೆಡ್ ಉಷ್ಣಮಾಪಕಗಳು ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಥರ್ಮೋಸ್ಟಾಟಿನ ಗೂಡಿಗೆ ಗುರಿಯಿಟ್ಟರೆ ಮುಳ್ಳಿನ ಮಾತಿಗೆ ಬೇರೊಂದು ಸಾಕ್ಷಿ ಸಿಕ್ಕಂತಾಯಿತು. ಹೊಳೆಯುವ ಲೋಹದ ಮೇಲೆ ಮಾತ್ರ ಅದೂ ಮೋಸಹೋಗುತ್ತದೆ; ಕಪ್ಪು ಬಣ್ಣ ಬಳಿದ ಜಾಗವನ್ನು ಆರಿಸಬೇಕು. ಈಥರ್ ಬುರುಡೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸುವವರು ಊರಿನ ಎತ್ತರವನ್ನೂ ನೆನೆಯಬೇಕು. ಮಂಗಳೂರಿನಲ್ಲಿ ೧೦೦ ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ಸುಮಾರು ೯೭ಕ್ಕೇ ಕುದಿಯುತ್ತದೆ, ೨,೨೪೦ ಮೀಟರ್ ಎತ್ತರದ ಉದಕಮಂಡಲದಲ್ಲಿ ೯೩ರ ಆಸುಪಾಸಿನಲ್ಲಿ. ಫ್ಯಾರನ್‌ಹೀಟ್ ಅಂಕಿಗಳಿರುವ ಹಳೆಯ ಗೇಜು ಬೆಂಗಳೂರಿನ ಅಡುಗೆಮನೆಯಲ್ಲಿ ೨೧೨ಕ್ಕೆ ಬದಲು ೨೦೭ನ್ನು ತೋರಿಸಿದರೆ ಅದನ್ನು ರಿಪೇರಿಗೆ ಕಳುಹಿಸಬೇಕಾಗಿಲ್ಲ.